ಹಳೇ ಲೆನ್ಸನ್ನು ಗುಜರಿಗೆ ಹಾಕುವ ಮುನ್ನ

ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಕಿರಿಯನಾಗಿದ್ದ ಗೆಳೆಯನೊಬ್ಬ ಕಳೆದ ಬೇಸಿಗೆಯಲ್ಲಿ ಟೇಕಲ್‌ಗೆ ಬಂದಿದ್ದ. ಕೈಯಲ್ಲೊಂದು ಹಳೆಯ ನಿಕಾನ್ 80-200 ಎಂ.ಎಂ. ಜೂಮ್ ಲೆನ್ಸ್. ಸ್ಟುಡಿಯೋ ಮುಚ್ಚಿದ ಸಂಬಂಧಿಕರೊಬ್ಬರು ಕೊಟ್ಟದ್ದಂತೆ. ಮಧ್ಯಾಹ್ನ ಒಂದೂವರೆಗೆ ರೈಲ್ವೆ ಸ್ಟೇಷನ್ ಹತ್ತಿರ ನಿಂತು ಬಂಡೆಗಳ ಬೆಟ್ಟದ ಕಡೆ ತಿರುಗಿಸಿ ಹತ್ತು ಫೋಟೋ ತೆಗೆದ. ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ನೋಡಿದವನೇ, "ದಂಡ ಕಣಣ್ಣ, ಒಂದೂ ಶಾರ್ಪ್ ಇಲ್ಲ. ಗುಜರಿಗೆ ಹಾಕೋದೇ" ಅಂದ.

ಮರುದಿನ ಬೆಳಿಗ್ಗೆ ಆರೂವರೆಗೆ ಅವನನ್ನು ಎಬ್ಬಿಸಿ ಅದೇ ಜಾಗಕ್ಕೆ ಕರೆದುಕೊಂಡು ಹೋದೆ. ಅದೇ ಬೆಟ್ಟ, ಅದೇ ಲೆನ್ಸ್, ಆದರೆ ಈ ಸಲ ಟ್ರೈಪಾಡ್ ಮೇಲೆ. ಬಂಡೆಯ ಮೇಲಿನ ಬಿರುಕು, ಮಳೆ ನೀರಿಳಿದ ಕಪ್ಪು ಗೆರೆ, ಸಂದಿಯಲ್ಲಿ ಬೆಳೆದ ಗಿಡ, ಎಲ್ಲವೂ ಬಂದವು. ರಾತ್ರಿ ಕಳೆಯುವಷ್ಟರಲ್ಲಿ ಲೆನ್ಸ್ ಒಳ್ಳೆಯದಾಗಲಿಲ್ಲ. ಬದಲಾದದ್ದು ಗಾಳಿ. ನಮ್ಮ ಕಡೆಯ ಬಂಡೆ ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚಾಗಿರುತ್ತದೆ. ಅದರ ಮೇಲಿನ ಬಿಸಿ ಗಾಳಿ ಕುಣಿಯುವುದು ಬರಿಗಣ್ಣಿಗೇ ಕಾಣುತ್ತದೆ. ಅಂಥ ಗಾಳಿಯನ್ನು ಅರ್ಧ ಕಿಲೋಮೀಟರು ದಾಟಿ ಬರುವ ಬೆಳಕನ್ನು ಲಕ್ಷಗಟ್ಟಲೆ ಬೆಲೆಯ ಹೊಸ ಲೆನ್ಸೂ ನೆಟ್ಟಗೆ ಮಾಡಲಾರದು. ಜೊತೆಗೆ ಕ್ವಾರಿಯ ದೂಳು ಬೇರೆ. ಮೊದಲ ದಿನ ನಮ್ಮ ಗೆಳೆಯ ಪರೀಕ್ಷೆ ಮಾಡಿದ್ದು ಲೆನ್ಸನ್ನಲ್ಲ, ಟೇಕಲ್‌ನ ಮಧ್ಯಾಹ್ನವನ್ನು.

ಇದನ್ನು ಬರೆಯಲು ಕಾರಣವಿದೆ. ತಾಲ್ಲೂಕು ಮಟ್ಟದಲ್ಲಿ ವರದಿಗಾರಿಕೆ ಮಾಡುವ ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಸುದ್ದಿಗಿಷ್ಟು ಎಂಬ ಲೆಕ್ಕದ ಸಂಭಾವನೆ. ಹೊಸ ಟೆಲಿಫೋಟೋ ಕೊಳ್ಳುವ ಮಾತು ದೂರವೇ ಉಳಿಯಿತು. ಹಳೇ ಲೆನ್ಸುಗಳು ಮಾತ್ರ ಮುಚ್ಚಿದ ಸ್ಟುಡಿಯೋಗಳ ಬೀರುಗಳಲ್ಲಿ ಇನ್ನೂ ಕೂತಿವೆ. ಅವನ್ನು ಕಣ್ಣುಮುಚ್ಚಿ ಹೊಗಳುವವರೂ ಇದ್ದಾರೆ, ನೋಡದೆ ತೆಗಳುವವರೂ ಇದ್ದಾರೆ. ಇಬ್ಬರದೂ ತಪ್ಪೆಂದು ನನ್ನ ವಾದ. ಲೆನ್ಸಿಗೆ ತೀರ್ಪು ಕೊಡುವುದೂ ವರದಿ ಮಾಡುವ ಹಾಗೆಯೇ. ಹೇಳಿಕೆ ನಂಬಬಾರದು, ಸ್ಥಳಕ್ಕೆ ಹೋಗಿ ನೋಡಬೇಕು.

ಹೆಸರಿನಿಂದಲೇ ಶುರು ಮಾಡೋಣ. ಗೆಳೆಯನ ಬಳಿ ಇದ್ದ ಎಫ್ 4.5ರ 80-200 ಮೊದಲು ಬಂದದ್ದು 1969ರಲ್ಲಿ. 1977ರಲ್ಲಿ ಒಳಗಿನ ಗಾಜಿನ ಜೋಡಣೆಯನ್ನೇ ಬದಲಿಸಿದರು. ಎರಡರ ಹೆಸರೂ ಒಂದೇ. ವಿವಿಟಾರ್ ಸೀರೀಸ್ 1ರ 70-210 ಇನ್ನೂ ಗೋಜಲು. ಒಂದೇ ಹೆಸರಿನಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಕಾರ್ಖಾನೆಗಳು ಅದನ್ನು ತಯಾರಿಸಿದವು. ಸೀರಿಯಲ್ ನಂಬರ್ 22ರಿಂದ ಶುರುವಾದರೆ ಕಿನೋ, 37 ಆದರೆ ಟೋಕಿನಾ, 28 ಆದರೆ ಕೊಮಿನೆ. ಆದ್ದರಿಂದ "ವಿವಿಟಾರ್ ಚೆನ್ನಾಗಿರುತ್ತೆ" ಎಂಬ ಮಾತಿಗೆ ಅರ್ಥವಿಲ್ಲ. ಯಾವುದು ಅನ್ನುವುದು ಮೊದಲು ಗೊತ್ತಾಗಬೇಕು. ಅಷ್ಟೂ ಸಾಲದು. ನಲವತ್ತು ವರ್ಷದಲ್ಲಿ ಅದು ಯಾರ ಕೈಯಲ್ಲಿ ಹೇಗಿತ್ತು ಅನ್ನುವುದೇ ಮುಖ್ಯ.

ನಮ್ಮೂರಿನ ಕಲ್ಲು ಕುಟಿಗರು ಕಲ್ಲನ್ನು ಬರೀ ನೋಡಿ ಒಪ್ಪುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿ ದನಿ ಕೇಳುತ್ತಾರೆ. ಒಳಗೆ ಬಿರುಕಿದ್ದರೆ ದನಿ ಒಡೆದಿರುತ್ತದೆ. ಲೆನ್ಸಿಗೂ ಅಂಥದ್ದೊಂದು ತಟ್ಟುವಿಕೆ ಬೇಕು. ಕತ್ತಲೆ ಕೋಣೆಯಲ್ಲಿ ಒಂದು ತುದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಫಂಗಸ್. ಕೋಲಾರ ಒಣ ಸೀಮೆಯಾದರೂ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತ ಲೆನ್ಸಿಗೆ ಅದು ಹತ್ತಿರುತ್ತದೆ. ಮಂಜು ಕವಿದಂತೆ ಕಂಡರೆ ಒಳಗೆ ಪೊರೆ ಕೂತಿದೆ ಎಂದರ್ಥ. ನಾಲ್ಕಾರು ದೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅವು ಚಿತ್ರದಲ್ಲಿ ಕಾಣುವುದೇ ಇಲ್ಲ. ಪೊರೆ ಮಾತ್ರ ಚಿತ್ರದ ಕಪ್ಪನ್ನೆಲ್ಲ ಬೂದಿ ಮಾಡುತ್ತದೆ. ಅಪರ್ಚರ್ ಎಲೆಗಳು ಚಕ್ಕನೆ ಮುಚ್ಚಿ ತೆರೆಯಬೇಕು. ಎಣ್ಣೆ ಇಳಿದಿದ್ದರೆ ತಡವರಿಸುತ್ತವೆ. ಎಳೆದು ನೂಕುವ ಜೂಮ್ ಆದರೆ ಲೆನ್ಸನ್ನು ಕೆಳಮುಖ ಹಿಡಿಯಿರಿ. ಬಳೆ ತಾನಾಗಿ ಜಾರಿದರೆ ಸವೆದಿದೆ.

ಕ್ಯಾಮೆರಾ ವಿಷಯದಲ್ಲೂ ಒಂದು ಎಚ್ಚರ. ನಿಕಾನ್‌ನ ಡಿ3000, ಡಿ5000 ಸರಣಿಯಲ್ಲಿ ಈ ಹಳೇ ಲೆನ್ಸುಗಳು ಕೂರುತ್ತವೆ, ಮೀಟರ್ ಮಾತ್ರ ಕೆಲಸ ಮಾಡದು. 1977ಕ್ಕೆ ಮುಂಚಿನ, ತಿದ್ದಿಸದ ಲೆನ್ಸನ್ನು ಡಿ7000ದಂಥ ಕ್ಯಾಮೆರಾಗೆ ಬಲವಂತವಾಗಿ ತಿರುಗಿಸಿದರೆ ಮೌಂಟ್ ಅಂಚಿನ ಪುಟ್ಟ ಕೊಂಡಿ ಮುರಿಯಬಹುದು.

ಆಮೇಲೆ ಚಿತ್ರದ ಪರೀಕ್ಷೆ. ಬೆಳಗಿನ ತಂಪಿನಲ್ಲಿ ಮಾಡಿ, ಹತ್ತಿಪ್ಪತ್ತು ಮೀಟರ್ ದೂರದ ಕಲ್ಲಿನ ಗೋಡೆ ಸಾಕು. ಕೈಯಲ್ಲಿ ಹಿಡಿದು 200ರಲ್ಲಿ ತೆಗೆಯುವುದಾದರೆ ಶಟರ್ 1/500ಕ್ಕಿಂತ ಕೆಳಗಿಳಿಯಬಾರದು, ಇಲ್ಲದಿದ್ದರೆ ನಿಮ್ಮ ಕೈನಡುಕದ ಅಪವಾದ ಲೆನ್ಸಿಗೆ ಬರುತ್ತದೆ. ಟ್ರೈಪಾಡ್ ಇದ್ದರೆ ಎರಡು ಸೆಕೆಂಡ್ ಟೈಮರ್ ಹಾಕಿ. ಪರದೆಯಲ್ಲಿ ದೊಡ್ಡದು ಮಾಡಿ ಫೋಕಸ್ ಮಾಡಿ. 4.5, 5.6, 8, 11 ಹೀಗೆ ಒಂದೊಂದರಲ್ಲೂ ತೆಗೆಯಿರಿ. ಪೂರ್ತಿ ತೆರೆದಾಗ ಮೆದುವಾಗಿದ್ದು 8ರಲ್ಲಿ ಗಟ್ಟಿಯಾದರೆ ಅದು ಆ ಕಾಲದ ಲೆನ್ಸಿನ ಸ್ವಭಾವ, ದೋಷವಲ್ಲ. ನಾಲ್ಕು ಮೂಲೆಯಲ್ಲಿ ಒಂದೇ ಮೂಲೆ ಮಂಕಾದರೆ ಮಾತ್ರ ಅನುಮಾನಿಸಿ. ಎಂದೋ ಬಿದ್ದು ಗಾಜು ಓರೆಯಾಗಿರಬಹುದು. 200ರಲ್ಲಿ ಫೋಕಸ್ ಮಾಡಿ 80ಕ್ಕೆ ಬನ್ನಿ, ಫೋಕಸ್ ನಿಲ್ಲುತ್ತದೆಯೇ ನೋಡಿ. ಕೊನೆಗೆ ಬೆಳಕಿನ ಎದುರಿನ ಪರೀಕ್ಷೆ. ಆಕಾಶಕ್ಕೆ ಎದುರಾಗಿ ನಿಂತ ಗೋಪುರದ ಅಂಚಿನಲ್ಲಿ ನೇರಳೆ ಗೆರೆ ಎಷ್ಟು ದಪ್ಪ, ಸಂಜೆ ಬರುವ ರೈಲಿನ ದೀಪಕ್ಕೆ ಚಿತ್ರವೆಲ್ಲ ಎಷ್ಟು ಬೆಳ್ಳಗಾಗುತ್ತದೆ ಎಂದು ನೋಡಿ. ಹಳೇ ಲೆನ್ಸುಗಳು ನಿಜವಾಗಿ ಸೋಲುವುದು ಇಲ್ಲೇ. ಹುಡ್ ಹಾಕಿದರೆ ಪಕ್ಕದ ಬೆಳಕಿನ ಕಾಟ ಬಹಳ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಚಿತ್ರ ಯಾವುದಕ್ಕೆ? ನಮ್ಮ ಫೋಟೋ ಪತ್ರಿಕೆಯ ಕಾಗದದಲ್ಲಿ ಎರಡು ಕಾಲಂ ಅಗಲ ಬರುತ್ತದೆ, ಇಲ್ಲವೇ ಮೊಬೈಲ್ ಪರದೆಯಲ್ಲಿ. ಮೂಲೆಯ ಮೆದುತನ ಅಲ್ಲಿ ಯಾರಿಗೂ ಕಾಣದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಆಟೋಫೋಕಸ್ ಬರುವ ಮೊದಲೇ ಕಾಡು ಅಲೆದು ಹೆಸರು ಮಾಡಿದವರು ಅನ್ನುವುದನ್ನೂ ನೆನಪಿಡೋಣ.

ಆದರೆ ನನಗೆ ಲೆನ್ಸಿನ ನಿಜವಾದ ಪರೀಕ್ಷೆ ಆದದ್ದು ಬೇರೆ ಕಡೆ. ಕ್ವಾರಿ ದೂಳಿನ ಬಗ್ಗೆ ವರದಿ ಮಾಡುವಾಗ ಇಂಥದೇ ಲೆನ್ಸಿನಲ್ಲಿ, ದೂರದ ದಿಣ್ಣೆಯಿಂದ, ಹಳ್ಳಿಯೊಂದರ ಚಿತ್ರ ತೆಗೆದಿದ್ದೆ. ಮನೆಗಳ ಹೆಂಚಿನ ಬೆನ್ನಿಗೇ ಕಡಿದ ಬಂಡೆ ಗೋಡೆಯಂತೆ ನಿಂತಿತ್ತು. ಒಳ್ಳೇ ಚಿತ್ರ ಸಿಕ್ಕಿತೆಂದು ಹಿಗ್ಗಿದ್ದೆ, ಕಳಿಸಿಯೂ ಆಗಿತ್ತು. ಸಂಜೆ ಅದೇ ಊರಿನ ಅಜ್ಜಿಯೊಬ್ಬರಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, "ಮನೆ ನಮ್ದೇ. ಹಿಂದ್ಗಡೆ ಎರಡು ಹೊಲ ಇತ್ತಲ್ಲಪ್ಪ, ಎಲ್ಲೋದ್ವು?" ಅಂದರು.

ಹೊಲಗಳನ್ನು ನಾನು ನುಂಗಿದ್ದೆ. ಇದು ಲೆನ್ಸಿನ ದೋಷವಲ್ಲ. ದೂರ ನಿಂತು ನೋಡಿದರೆ ಹಿಂದಿನದು ಮುಂದಿನದಕ್ಕೆ ಅಂಟಿದಂತೆ ಕಾಣುತ್ತದೆ, ಟೆಲಿಫೋಟೋ ಆ ತುಂಡನ್ನಷ್ಟೇ ಕತ್ತರಿಸಿ ಕೊಡುತ್ತದೆ. ಲೆನ್ಸ್ ಶಾರ್ಪ್ ಆಗಿದ್ದಷ್ಟೂ ಆ ಸುಳ್ಳು ನಂಬುವಂತಿರುತ್ತದೆ. ದೂಳು ನಿಜ, ಕೆಮ್ಮು ನಿಜ, ಒಡೆದ ಗೋಡೆ ನಿಜ. ಆದರೆ ಆ ಒಂದು ಚಿತ್ರ ಹಿಡಿದುಕೊಂಡು "ನೋಡಿ, ಇವರು ಬರೆಯುವುದೆಲ್ಲ ಹೀಗೇ" ಎಂದು ಯಾರಾದರೂ ಇಡೀ ವರದಿಯನ್ನೇ ತಳ್ಳಿಹಾಕಬಹುದಿತ್ತು. ರಾತ್ರಿಯೇ ಫೋನ್ ಮಾಡಿ ಚಿತ್ರ ಬದಲಿಸಲು ಕೇಳಿಕೊಂಡೆ. ಆ ಹೊಲದಲ್ಲೇ ನಿಂತು ಮೊಬೈಲ್‌ನಲ್ಲಿ ತೆಗೆದ ಸಾಧಾರಣ ಚಿತ್ರ ಅಚ್ಚಾಯಿತು. ಅದರಲ್ಲಿ ರಾಗಿ ಪೈರಿನ ಎಲೆ ಮೇಲೆ ಬಿಳಿ ದೂಳು ಕಾಣುತ್ತಿತ್ತು. ದೂರದ ಚಿತ್ರ ಮರೆಸಿದ್ದು ಅದನ್ನೇ.

ಅಂದಿನಿಂದ ಟೆಲಿಫೋಟೋದಲ್ಲಿ ತೆಗೆದ ಪ್ರತಿ ಚಿತ್ರದ ಜೊತೆ ಎಲ್ಲಿ ನಿಂತು ತೆಗೆದೆ, ಎದುರಿನದು ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳುತ್ತೇನೆ. ಬೇಕಾದರೆ ಅಡಿಬರಹದಲ್ಲೇ ಹಾಕುತ್ತೇನೆ. ಗೆಳೆಯನಿಗೂ ಅದನ್ನೇ ಹೇಳಿದೆ. ಅವನು ಲೆನ್ಸನ್ನು ಗುಜರಿಗೆ ಹಾಕಲಿಲ್ಲ. ಕೆರೆಯ ಹಕ್ಕಿಗೆ, ಸಭೆಯ ವೇದಿಕೆಗೆ, ನಾವು ಹತ್ತಿರ ಹೋಗಲಾಗದ ಕಡೆಗೆ ಅದು ಧಾರಾಳವಾಗಿ ಸಾಕು. ಹತ್ತಿರ ಹೋಗಬಹುದಾದ ಕಡೆ ಮಾತ್ರ ಲೆನ್ಸ್ ಚೀಲದಲ್ಲಿರಲಿ, ನಾವೇ ನಡೆದು ಹೋಗೋಣ.