ವಿದೇಶದ ಓದು ಮತ್ತು ನಮ್ಮ ಪಹಣಿ

ಕಳೆದ ತಿಂಗಳು ಸದಸ್ಯರೊಬ್ಬರು ಬೇಬಾಕಿ ಪತ್ರ ಕೇಳಿಕೊಂಡು ಸಂಘದ ಕಚೇರಿಗೆ ಬಂದಿದ್ದರು. ಮೂರು ಎಕರೆ ಹಿಡುವಳಿ, ಅಡಿಕೆಯ ನಡುವೆ ಕಾಫಿ. ಮಗಳು ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಜರ್ಮನಿಗೆ ಹೊರಟಿದ್ದಾಳೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಜಮೀನನ್ನು ಬ್ಯಾಂಕಿಗೆ ಆಧಾರ ಮಾಡಬೇಕಿತ್ತು. ಅಲ್ಲೇ ಕುಳಿತಿದ್ದ ಹಿರಿಯರೊಬ್ಬರು, "ಹೆಣ್ಣು ಹುಡುಗಿಗೆ ಇಷ್ಟು ಸಾಲ ಯಾಕೆ ಮಾರಾಯ್ರೇ" ಎಂದರು. ಮದುವೆಗೆಂದು ಅದೇ ಜಮೀನಿನ ಮೇಲೆ ಸಾಲ ಎತ್ತಿದ್ದರೆ ಅವರು ತುಟಿ ಬಿಚ್ಚುತ್ತಿರಲಿಲ್ಲ.

ಹೋಗಲಿ ಎಂಬುದೇ ನಮ್ಮ ಅಭಿಪ್ರಾಯ. 1913ರಲ್ಲಿ ಅಂಬೇಡ್ಕರ್ ಅವರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. ಕರಾರು ಬಿಗಿಯಾದದ್ದೇ, ಆದರೆ ಅದು ಕಣ್ಣೆದುರಿಗಿತ್ತು. ನಮ್ಮ ಮಕ್ಕಳಿಗೆ ಅದೇ ಕಾಣುತ್ತಿಲ್ಲ.

ಆ ಹುಡುಗಿಯ ಕಾಗದ ತಿರುವಿದಾಗ ಗೊತ್ತಾಯಿತು: ಪಟ್ಟಣದ ಏಜೆಂಟನೊಬ್ಬ ಅವಳನ್ನು ಲಕ್ಷಗಟ್ಟಲೆ ಶುಲ್ಕದ ಖಾಸಗಿ ಸಂಸ್ಥೆಯೊಂದಕ್ಕೆ ಸೇರಿಸಿದ್ದ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರದೇಶದವರಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ. ಇದನ್ನು ಆತ ಹೇಳಲಿಲ್ಲ. "ಸಲಹೆ ಉಚಿತ" ಎಂದಿದ್ದನಂತೆ. ವಿದ್ಯಾರ್ಥಿಯನ್ನು ಕಳಿಸಿದ್ದಕ್ಕೆ ಏಜೆಂಟರಿಗೆ ಕಮಿಷನ್ ಕೊಡುವ ಸಂಸ್ಥೆಗಳು ಎಷ್ಟೋ ಇವೆ. ಔಟ್‌ಟರ್ನ್ ನೋಡದೆ ಒಂದು ಚೀಲ ಚೆರಿ ಕೊಡದ ನಾವು ಇಲ್ಲಿ ಪಹಣಿಯನ್ನೇ ಕೊಟ್ಟುಬಿಡುತ್ತೇವೆ! ಕಾಲೇಜು ಕಂಡವರಿರುವ ಮನೆಯಲ್ಲಾದರೆ ಚಿಕ್ಕಪ್ಪನೋ ಅತ್ತೆಯೋ ನಾಲ್ಕು ಪ್ರಶ್ನೆ ಕೇಳುತ್ತಿದ್ದರು.

ಹಾಗೆಂದು ಖರ್ಚಿಲ್ಲದೆ ಆಗುವುದಿಲ್ಲ. 2024ರ ಸೆಪ್ಟೆಂಬರಿನಿಂದ ಜರ್ಮನಿಯ ವೀಸಾಕ್ಕೆ ವರ್ಷದ ಜೀವನ ವೆಚ್ಚವೆಂದು 11,904 ಯೂರೋ ತೋರಿಸಬೇಕಾಗಿದೆ. ಅದು ಹತ್ತು ಲಕ್ಷ ರೂಪಾಯಿ ಮೀರುತ್ತದೆ. ವಿದ್ಯಾಭ್ಯಾಸ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. 2025ರ ಆರಂಭದಲ್ಲಿ ಬಂದ ಕಾಫಿಯ ದಾಖಲೆ ಬೆಲೆ ನಂಬಿ ಕಂತಿನ ಲೆಕ್ಕ ಹಾಕುವವರು 2001-02ರ ಕುಸಿತವನ್ನೂ ಸ್ವಲ್ಪ ನೆನೆಯಲಿ.

ಹುಡುಗಿ ಈಗ ಸರಕಾರಿ ವಿಶ್ವವಿದ್ಯಾಲಯಗಳಿಗೆ ಹೊಸದಾಗಿ ಅರ್ಜಿ ಹಾಕಿದ್ದಾಳೆ. ಒಂದು ಸೆಮಿಸ್ಟರು ಹೋಯಿತು, ಏಜೆಂಟನಿಗೆ ಕೊಟ್ಟ ನೋಂದಣಿ ಹಣವೂ ಹೋಯಿತು. ತಂದೆಗೆ ಬೇಸರವಿದೆ. ಬೇಬಾಕಿ ಪತ್ರಕ್ಕೆ ನಾವು ಸಹಿ ಹಾಕಿ ಇಟ್ಟಿದ್ದೇವೆ.

ಹೊರದೇಶದಲ್ಲಿ ಓದಿದ ಸದಸ್ಯರ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಸಂತೆಯ ದಿನ ಒಂದು ಗಂಟೆ ಕಚೇರಿಯಲ್ಲಿ ಕುಳಿತರೆ, ಇಂಥ ಕಾಗದಗಳನ್ನು ಸಹಿಗೆ ಮುಂಚೆ ಅವರಿಂದ ಓದಿಸಬಹುದು. ಹೆಸರು ಕೊಡುವವರು ಗುಮಾಸ್ತರಲ್ಲಿ ಬರೆಸಿರಿ.