ಅಂತರ್ಜಾಲದಲ್ಲಿ ಹೆಸರಿಡುವ ಹಕ್ಕು ಯಾರದು?

ಮಗು ಹುಟ್ಟಿದರೆ ಹೆಸರಿಡುವವರು ಮನೆಯ ಹಿರಿಯರು. ಊರಿಗೆ ಹೆಸರಿಟ್ಟವರು ಯಾರೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆದರೆ ಅದೇ ಊರಿನ ಹೆಸರನ್ನು ಬಸ್ ನಿಲ್ದಾಣದ ಫಲಕದ ಮೇಲೆ ಯಾವ ಲಿಪಿಯಲ್ಲಿ ಬರೆಯಬೇಕೆಂಬ ಪ್ರಶ್ನೆ ಎದ್ದಾಗ, ಅದನ್ನು ತೀರ್ಮಾನಿಸುವವರು ಎಲ್ಲೋ ಇದ್ದಾರೆಂಬುದು ಥಟ್ಟನೆ ತಿಳಿಯುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಆಡುತ್ತ ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂದು ವಿದ್ಯಾರ್ಥಿಗಳ ಮತ್ತು ಪಾಲಕರ ಕೈಯಲ್ಲಿರುವ ಮೊಬೈಲಿನೊಳಗೆ ಇನ್ನೊಂದು ಹೆಸರುಗಳ ಲೋಕವಿದೆ. ಪರೀಕ್ಷೆಯ ಫಲಿತಾಂಶ ನೋಡುವುದೂ ಪಹಣಿ ತೆಗೆಯುವುದೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದೂ ಆ ಹೆಸರುಗಳ ಮೂಲಕವೇ. ಆ ಲೋಕದ ಹೆಸರುಗಳನ್ನು ಯಾರು, ಹೇಗೆ ನಿಶ್ಚಯಿಸುತ್ತಾರೆ? ಅದರಲ್ಲಿ ನಮ್ಮಂಥವರ ಮಾತಿಗೆ ಎಡೆ ಇದೆಯೇ? ಇದು ಕೇವಲ ಯಂತ್ರಜ್ಞರ ವಿಷಯವೆಂದು ನಾವು ಸುಮ್ಮನಿರುವುದು ತರವಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ವ್ಯವಸ್ಥೆಯನ್ನು ಅರಿಯೋಣ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ಅಷ್ಟು ಅಂಕಿಗಳು ನೆನಪಿರುವುದಿಲ್ಲ, ಹೆಸರು ಬೇಕು. ಆರಂಭದ ದಿನಗಳಲ್ಲಿ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಮತ್ತು ಅವರ ಸಹೋದ್ಯೋಗಿಗಳು ಆ ಕಡತವನ್ನು ನೋಡಿಕೊಳ್ಳುತ್ತಿದ್ದರು. ಹೆಸರುಗಳು ಹೆಚ್ಚಿದಂತೆ ಒಂದು ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಇಂದಿನ ಡೊಮೈನ್ ಹೆಸರುಗಳ ಪದ್ಧತಿಯನ್ನು ರೂಪಿಸಿದರು. ಅಂಚೆಯ ಲಕೋಟೆಯ ಮೇಲಿನ ವಿಳಾಸವನ್ನು ಅಂಚೆಯವರು ಕೆಳಗಿನಿಂದ ಓದುತ್ತಾರಲ್ಲವೇ? ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಕೊನೆಗೆ ಊರು. ಹಾಗೆಯೇ ಅಂತರ್ಜಾಲದ ಹೆಸರನ್ನು ಯಂತ್ರ ಹಿಂದಿನಿಂದ ಓದುತ್ತದೆ. ಡಾಟ್ ಕಾಂ, ಡಾಟ್ ಇನ್ ಎಂಬ ಕೊನೆಯ ತುಂಡುಗಳೇ ಎಲ್ಲಕ್ಕೂ ಬೇರು. ಆ ಬೇರಿನ ಪಟ್ಟಿಯಲ್ಲಿ ಯಾವ ಹೆಸರು ಇರಬೇಕು ಎಂಬುದರ ಸುತ್ತಲೇ ನಲವತ್ತು ವರ್ಷಗಳ ಚರ್ಚೆ ನಡೆದಿದೆ.

ಬಹುಕಾಲ ಈ ಪಟ್ಟಿಯ ಉಸ್ತುವಾರಿ ಜಾನ್ ಪೋಸ್ಟೆಲ್ ಎಂಬ ಒಬ್ಬ ವಿದ್ವಾಂಸರ ಕೈಯಲ್ಲಿತ್ತು. ದೇಶಗಳಿಗೆ ಎರಡಕ್ಷರದ ಸಂಕೇತ ಕೊಡಬೇಕಾದಾಗ ಅವರು ಒಂದು ಜಾಣತನ ಮಾಡಿದರು. ಯಾವುದು ದೇಶ, ಯಾವುದು ದೇಶವಲ್ಲ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲವೆಂದು ಹೇಳಿ, ಆಗಲೇ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯನ್ನೇ ಸ್ವೀಕರಿಸಿದರು. 1994ರ ಒಂದು ದಾಖಲೆಯಲ್ಲಿ ಈ ನಿಯಮ ಸ್ಪಷ್ಟವಾಗಿದೆ. ಭಾರತಕ್ಕೆ ಡಾಟ್ ಇನ್ 1989ರಲ್ಲೇ ದೊರೆತಿತ್ತು. ಈ ಏರ್ಪಾಡಿನಿಂದ ಬಹಳಷ್ಟು ಜಗಳ ತಪ್ಪಿತೆಂಬುದು ನಿಜ. ಆದರೆ ಅದರ ಇನ್ನೊಂದು ಫಲವನ್ನೂ ಗಮನಿಸಬೇಕು: ಹೆಸರಿನ ಜಾಗ ದಕ್ಕಿದ್ದು ರಾಜ್ಯಶಕ್ತಿಗಳಿಗೆ, ಭಾಷೆಗಳಿಗಲ್ಲ. ಗಡಿಯಾಚೆ ಈಚೆ ಹರಡಿಕೊಂಡ ಜನಭಾಷೆಗೆ ಆ ನಕ್ಷೆಯಲ್ಲಿ ತನ್ನದೆಂಬ ಮೂಲೆ ಇರಲಿಲ್ಲ.

ಹಾಗೆಂದು ಆ ನಕ್ಷೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಯುರೋಪಿನಲ್ಲಿ ಕ್ಯಾಟಲನ್ ಎಂಬ ಭಾಷೆಯಿದೆ. ಅದನ್ನಾಡುವವರು ಸ್ಪೇನಿನ ಕ್ಯಾಟಲೋನಿಯ, ವೆಲೆನ್ಸಿಯ ಮತ್ತು ಬ್ಯಾಲಿಯಾರಿಕ್ ದ್ವೀಪಗಳಲ್ಲಿದ್ದಾರೆ. ಪುಟ್ಟ ದೇಶವಾದ ಅಂಡೋರದಲ್ಲಿದ್ದಾರೆ. ಫ್ರಾನ್ಸಿನ ದಕ್ಷಿಣದ ಒಂದು ಮೂಲೆಯಲ್ಲೂ ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದ ಒಂದು ಪಟ್ಟಣದಲ್ಲೂ ಇದ್ದಾರೆ. ನಾಲ್ಕು ದೇಶ, ಒಂದು ಭಾಷೆ. ಈ ಜನ ನಮ್ಮ ಭಾಷೆಗೇ ಒಂದು ಹೆಸರಿನ ಬೇರು ಬೇಕೆಂದು ಕೇಳಿದರು. ಸಾವಿರಾರು ಮಂದಿಯ ಬೆಂಬಲವನ್ನು ಕೂಡಿಸಿದರು, ದಾಖಲೆ ಬರೆದರು, ಪ್ರಶ್ನೆಗಳಿಗೆ ಉತ್ತರಿಸಿದರು. 2005ರಲ್ಲಿ ಡಾಟ್ ಕ್ಯಾಟ್ ಎಂಬ ಹೆಸರಿಗೆ ಒಪ್ಪಿಗೆ ದೊರೆಯಿತು. ಯಾವ ದೇಶದವರು ಎಂದು ನೋಡದೆ, ಆ ಭಾಷೆಗೂ ಸಂಸ್ಕೃತಿಗೂ ಸಂಬಂಧಪಟ್ಟವರೋ ಎಂದು ನೋಡಿ ಕೊಡುವ ಹೆಸರು ಅದು. ಆ ಹಾದಿಯಲ್ಲೇ ಮುಂದೆ ವೇಲ್ಸ್, ಬಾಸ್ಕ್, ಗಲೀಸಿಯ, ಬ್ರಿಟನಿಯ ಜನರೂ ತಮ್ಮ ತಮ್ಮ ಹೆಸರುಗಳನ್ನು ಪಡೆದರು. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಅವರು ಕೇಳಿದ್ದು ಯಾರನ್ನು? 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆಯನ್ನು. ಹೆಸರುಗಳ ಬೇರುಪಟ್ಟಿಯ ನೀತಿ ಈಗ ಅಲ್ಲಿಯೇ ರೂಪುಗೊಳ್ಳುತ್ತದೆ. ಅಲ್ಲಿ ಸರ್ಕಾರಗಳ ಪ್ರತಿನಿಧಿಗಳಿದ್ದಾರೆ. ಹೆಸರು ಮಾರುವ ಕಂಪನಿಗಳಿವೆ. ಯಂತ್ರಜ್ಞರು, ವಕೀಲರು, ಸಾಮಾನ್ಯ ಬಳಕೆದಾರರ ಸಂಘಗಳು ಎಲ್ಲರೂ ಇದ್ದಾರೆ. ಒಂದು ನಿಯಮ ಬೇಕೆನಿಸಿದಾಗ ಒಂದು ತಂಡ ಕರಡು ತಯಾರಿಸುತ್ತದೆ. ಆ ಕರಡನ್ನು ಲೋಕದ ಮುಂದಿಟ್ಟು ಕೆಲವು ವಾರಗಳ ಕಾಲ ಅಭಿಪ್ರಾಯ ಕೇಳುತ್ತಾರೆ. ಯಾರು ಬೇಕಾದರೂ ಬರೆಯಬಹುದು. ಶುಲ್ಕವಿಲ್ಲ, ಪದವಿ ಕೇಳುವುದಿಲ್ಲ. ದೇಶದೇಶಗಳಲ್ಲಿ ಸಾರ್ವಜನಿಕ ಸಭೆಗಳೂ ನಡೆಯುತ್ತವೆ. 2008ರಲ್ಲಿ ದೆಹಲಿಯಲ್ಲಿ, 2016ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಅಂಥ ಸಭೆ ಸೇರಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ, ಅಂದರೆ 2016ರ ಅಕ್ಟೋಬರ್ 1ರಂದು, ಬೇರುಪಟ್ಟಿಯ ಮೇಲೆ ಅಮೆರಿಕ ಸರ್ಕಾರ ಒಪ್ಪಂದದ ಮೂಲಕ ಇಟ್ಟುಕೊಂಡಿದ್ದ ಮೇಲ್ವಿಚಾರಣೆ ಕೊನೆಗೊಂಡಿತ್ತು.

ಅಭಿಪ್ರಾಯ ಕೇಳುವುದೇನೋ ಸರಿ, ಕೇಳಿದ್ದನ್ನು ಪಾಲಿಸುತ್ತಾರೆಯೇ ಎಂದು ಬುದ್ಧಿವಂತ ಪಾಲಕರು ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಡಾಟ್ ಆರ್ಗ್ ಎಂಬುದು ಶಾಲೆ, ಸೇವಾಸಂಸ್ಥೆ, ಧರ್ಮಸಂಸ್ಥೆಗಳು ಹೆಚ್ಚಾಗಿ ಬಳಸುವ ಹೆಸರು. 2019ರಲ್ಲಿ ಅದರ ಬೆಲೆಗಿದ್ದ ಮಿತಿಯನ್ನು ತೆಗೆಯುವ ಪ್ರಸ್ತಾಪ ಬಂದಾಗ ಮೂರು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಬಹುಪಾಲು ವಿರೋಧವೇ. ಆದರೂ ಮಿತಿಯನ್ನು ತೆಗೆದರು. ಅದೇ ವರ್ಷದ ನವೆಂಬರಿನಲ್ಲಿ ಡಾಟ್ ಆರ್ಗ್ ನೋಡಿಕೊಳ್ಳುವ ಸಂಸ್ಥೆಯನ್ನೇ ನೂರು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಒಂದು ಖಾಸಗಿ ಬಂಡವಾಳ ಕಂಪನಿಗೆ ಮಾರುವ ಸುದ್ದಿ ಹೊರಬಿತ್ತು. ಈ ಬಾರಿ ಜನ ಬರೆದು ಸುಮ್ಮನಾಗಲಿಲ್ಲ. ಸೇವಾಸಂಸ್ಥೆಗಳು ಒಟ್ಟಾದವು, ಪ್ರತಿಭಟನೆ ನಡೆಯಿತು, ಕ್ಯಾಲಿಫೋರ್ನಿಯ ರಾಜ್ಯದ ಅಟಾರ್ನಿ ಜನರಲ್ ಅವರೂ ಆಕ್ಷೇಪಿಸಿ ಪತ್ರ ಬರೆದರು. 2020ರ ಏಪ್ರಿಲ್ 30ರಂದು ಐಕ್ಯಾನ್ ಆ ಮಾರಾಟಕ್ಕೆ ಸಮ್ಮತಿ ನಿರಾಕರಿಸಿತು. ಇದರಿಂದ ಕಲಿಯಬೇಕಾದ ಪಾಠ ಇಷ್ಟೇ: ಒಂದು ಸಲ ಹೇಳಿದರೆ ಕೇಳುತ್ತಾರೆಂಬ ಭರವಸೆಯಿಲ್ಲ, ಪಟ್ಟು ಬಿಡದೆ, ಒಟ್ಟಾಗಿ, ಕಾರಣಸಹಿತ ಹೇಳಿದರೆ ಕೇಳದಿರುವುದು ಕಷ್ಟ.

ಇನ್ನು ನಮ್ಮ ಭಾಷೆಯ ವಿಷಯಕ್ಕೆ ಬರೋಣ. ಈ ಪದ್ಧತಿಯಲ್ಲಿ ಬಹುಕಾಲ ಇಂಗ್ಲಿಷಿನ 26 ಅಕ್ಷರ, 10 ಅಂಕಿ ಮತ್ತು ಒಂದು ಅಡ್ಡಗೀಟಿಗೆ ಮಾತ್ರ ಪ್ರವೇಶವಿತ್ತು. ದೇಶಗಳು ತಮ್ಮ ಲಿಪಿಯಲ್ಲೇ ಕೊನೆಯ ತುಂಡನ್ನು ಪಡೆಯಬಹುದೆಂದು 2009ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯದ ಸೋಲ್ ನಗರದ ಸಭೆಯಲ್ಲಿ ನಿರ್ಧಾರವಾಯಿತು. ಮರುವರ್ಷವೇ ಈಜಿಪ್ಟ್, ಸೌದಿ ಅರೇಬಿಯ ಮೊದಲಾದ ದೇಶಗಳು ಅರಬ್ಬೀ ಲಿಪಿಯ ಹೆಸರುಗಳನ್ನು ಪಡೆದವು. ಭಾರತಕ್ಕೆ ಮೊದಲ ಕಂತಿನಲ್ಲಿ ದೊರೆತದ್ದು ಏಳು ಭಾಷೆಗಳಲ್ಲಿ: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು, ತಮಿಳು, ತೆಲುಗು. ಕನ್ನಡ ಆ ಏಳರಲ್ಲಿರಲಿಲ್ಲ. ಮಲಯಾಳಂ, ಒಡಿಯ ಭಾಷೆಗಳ ಜೊತೆಗೆ ಅದು ಮುಂದಿನ ಕಂತಿನವರೆಗೆ ಕಾಯಬೇಕಾಯಿತು. ಇಂದು .ಭಾರತ ಎಂದು ಕನ್ನಡ ಅಕ್ಷರಗಳಲ್ಲೇ ಹೆಸರನ್ನು ಪಡೆಯಬಹುದು. ತಡವಾಗಿಯಾದರೂ ಬಂತೆಂಬುದು ಸಂತೋಷ. ಆದರೆ ಸಾವಿರಾರು ವರ್ಷಗಳ ಇತಿಹಾಸವುಳ್ಳ ಭಾಷೆ ತಾನಾಗಿಯೇ ಪಟ್ಟಿಗೆ ಸೇರಿಕೊಳ್ಳುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳೆಂಬುದೂ ಇದರಿಂದ ತಿಳಿಯಿತಲ್ಲವೇ?

ಅದಕ್ಕಿಂತಲೂ ನಮ್ಮ ಗಡಿನಾಡಿಗೆ ಹತ್ತಿರವಾದ ಇನ್ನೊಂದು ಪ್ರಸಂಗವಿದೆ. ಭಾರತೀಯ ಲಿಪಿಗಳ ಯಾವ ಅಕ್ಷರಗಳು ಬೇರುಪಟ್ಟಿಯ ಹೆಸರುಗಳಲ್ಲಿ ಬರಬಹುದು, ಯಾವ ಕ್ರಮದಲ್ಲಿ ಬರಬಹುದು ಎಂದು ನಿಯಮ ಮಾಡಲು ನವಬ್ರಾಹ್ಮಿ ಎಂಬ ಹೆಸರಿನ ತಜ್ಞರ ತಂಡವೊಂದು ಕೆಲಸ ಮಾಡಿತು. ಕನ್ನಡ, ತೆಲುಗು ಸೇರಿ ಒಂಬತ್ತು ಲಿಪಿಗಳ ಹೊಣೆ ಅದರದಾಗಿತ್ತು. ಅದರ ಮುಂದೆ ಬಂದ ಕಠಿಣ ಪ್ರಶ್ನೆಗಳಲ್ಲಿ ಒಂದು ಕನ್ನಡ ಮತ್ತು ತೆಲುಗು ಅಕ್ಷರಗಳ ಹೋಲಿಕೆ. ಅ, ಇ, ಗ, ಜ, ರ, ಲ ಮುಂತಾದವನ್ನು ಎರಡು ಲಿಪಿಗಳಲ್ಲೂ ಬರೆದು ನೋಡಿರಿ; ತಲೆಕಟ್ಟಿನ ಬಾಗು ಬಿಟ್ಟರೆ ವ್ಯತ್ಯಾಸವೆಷ್ಟು? ಜಲ ಎಂದು ಕನ್ನಡದಲ್ಲಿ ಬರೆದ ಹೆಸರೂ ತೆಲುಗಿನಲ್ಲಿ ಬರೆದ ಹೆಸರೂ ಕಣ್ಣಿಗೆ ಒಂದೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಬ್ಯಾಂಕಿನ ಹೆಸರನ್ನು ಒಬ್ಬರು ಒಂದು ಲಿಪಿಯಲ್ಲಿ ಪಡೆದರೆ, ಮೋಸಗಾರನು ಅದೇ ರೂಪವನ್ನು ಇನ್ನೊಂದು ಲಿಪಿಯಲ್ಲಿ ಪಡೆದು ಜನರ ಹಣ ದೋಚಬಹುದು. ಆದುದರಿಂದ ಅಂಥ ಅಕ್ಷರಗಳನ್ನು ಜೋಡಿಗಳೆಂದು ಗುರುತಿಸಿ, ಬೇರುಪಟ್ಟಿಯಲ್ಲಿ ಒಂದು ಲಿಪಿಯ ಹೆಸರು ಸೇರಿದರೆ ಮತ್ತೊಂದು ಲಿಪಿಯ ಅದೇ ರೂಪವನ್ನು ತಡೆಯಬೇಕೆಂಬ ನಿಯಮ ಮಾಡಿದರು. ಕರಡು ಸಾರ್ವಜನಿಕರ ಮುಂದೆ ಬಂದು, 2019ರಲ್ಲಿ ಕನ್ನಡದ ನಿಯಮಗಳು ಬೇರುಪಟ್ಟಿಯ ನಿಯಮಾವಳಿಯಲ್ಲಿ ಸೇರಿದವು.

ಇದರಲ್ಲಿ ಸುರಕ್ಷತೆಯಿದೆ, ಜೊತೆಗೆ ಒಂದು ತ್ಯಾಗವೂ ಇದೆ. ಮೊದಲು ಕೇಳಿದವರಿಗೆ ಹೆಸರು, ತಡವಾಗಿ ಬಂದ ನೆರೆಯ ಭಾಷೆಗೆ ಬಾಗಿಲು ಮುಚ್ಚಿತು. ನಾನು ಈ ನಿಯಮವನ್ನು ಆಕ್ಷೇಪಿಸುತ್ತಿಲ್ಲ. ಬಡವನ ಹಣ ಉಳಿಯುವುದು ಮುಖ್ಯ. ನನ್ನ ಮಾತು ಬೇರೆ. ಈ ಎರಡು ಅಕ್ಷರಗಳು ಓದುಗನ ಕಣ್ಣನ್ನು ನಿಜವಾಗಿ ಮೋಸಗೊಳಿಸುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಲು ಯಾರು ಹೆಚ್ಚು ಯೋಗ್ಯರು? ಕನ್ನಡವನ್ನು ಮಾತ್ರ ಓದಬಲ್ಲ ಬೆಂಗಳೂರಿನವರೇ? ತೆಲುಗನ್ನು ಮಾತ್ರ ಓದಬಲ್ಲ ವಿಜಯವಾಡದವರೇ? ಅಥವಾ ಬೆಳಗ್ಗೆ ಕನ್ನಡ ಪಠ್ಯ ಓದಿ ಸಂಜೆ ತೆಲುಗು ಬಸ್ ಫಲಕ ಓದುವ ಆದವಾನಿ, ರಾಯದುರ್ಗ, ಮಡಕಶಿರಗಳ ಹುಡುಗ ಹುಡುಗಿಯರೇ? ಎರಡು ಲಿಪಿ ಕಲಿಯುವುದನ್ನು ಹೊರೆಯೆಂದು ಕೊರಗುವ ಪಾಲಕರು ಈ ಮಾತನ್ನು ಯೋಚಿಸಬೇಕು. ಗಡಿಯವರ ಆ ಹೊರೆಯೇ ಇಲ್ಲಿ ಪಾಂಡಿತ್ಯ.

ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದೆ ಎಂಬುದನ್ನು ಮುಚ್ಚಿಡಬಾರದು. 2012ರಲ್ಲಿ ಹೊಸ ಹೆಸರುಗಳಿಗೆ ಅರ್ಜಿ ಕರೆದಾಗ ಒಂದು ಅರ್ಜಿಯ ಶುಲ್ಕ 1,85,000 ಡಾಲರ್. ಬಂದ 1930 ಅರ್ಜಿಗಳಲ್ಲಿ 911 ಉತ್ತರ ಅಮೆರಿಕದವು. ಇಡೀ ಆಫ್ರಿಕ ಖಂಡದಿಂದ ಬಂದವು 17. ಮುಂದಿನ ಸುತ್ತಿಗೆ ಶುಲ್ಕ 2,27,000 ಡಾಲರಿಗೆ ಏರಿದೆ. ಸಭೆಗಳಲ್ಲಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ ಅನುವಾದದ ಏರ್ಪಾಡಿದೆ. ಆ ಆರರಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಕರಡುಗಳ ಇಂಗ್ಲಿಷ್ ಕಬ್ಬಿಣದ ಕಡಲೆ. ಎಲ್ಲರೂ ಸಮಾನರು ಎಂಬ ಮಾತು ಇಂಥಲ್ಲಿ ಅರ್ಧಸತ್ಯ. ಆದರೆ ಹೊಸ್ತಿಲು ಎತ್ತರವೆಂದು ಹೊರಗೇ ಕುಳಿತರೆ ಅದನ್ನು ತಗ್ಗಿಸುವವರು ಯಾರು?

ನಮ್ಮ ಶಾಲೆ ಮಾಡಬಹುದಾದ ಕೆಲಸಗಳು ಚಿಕ್ಕವು, ಆದರೆ ಸಾಧ್ಯವಾದವು. ಮೊದಲನೆಯದಾಗಿ, ಶಾಲೆಗೆ .ಭಾರತ ಹೆಸರೊಂದನ್ನು ಕನ್ನಡದಲ್ಲೇ ಪಡೆಯೋಣ. ಬಳಸದ ಹೆಸರು ಬಿತ್ತದ ಬೀಜದಂತೆ. ಎರಡನೆಯದಾಗಿ, ಕನ್ನಡ ಅಕ್ಷರದ ವಿಳಾಸವನ್ನು ಅನೇಕ ಅರ್ಜಿ ನಮೂನೆಗಳು ಇನ್ನೂ ತಪ್ಪೆಂದು ತಿರಸ್ಕರಿಸುತ್ತವೆ. ಎಲ್ಲಿ ಹಾಗಾಯಿತೆಂದು ಮಕ್ಕಳು ಬರೆದಿಟ್ಟು, ಸಂಬಂಧಪಟ್ಟವರಿಗೆ ಪತ್ರ ಬರೆಯಲಿ. ಪತ್ರಲೇಖನವನ್ನು ಅಂಕಕ್ಕಾಗಿ ಕಲಿಯುವುದಕ್ಕಿಂತ ಇದು ಮೇಲು. ಮೂರನೆಯದಾಗಿ, ಪ್ರೌಢಶಾಲೆಯ ಚರ್ಚಾಕೂಟದಲ್ಲಿ ವರ್ಷಕ್ಕೊಮ್ಮೆಯಾದರೂ ಇಂಥ ಒಂದು ಕರಡನ್ನು ಎತ್ತಿಕೊಂಡು, ಇಂಗ್ಲಿಷ್ ಮೇಷ್ಟ್ರು, ಕನ್ನಡ ಪಂಡಿತರು, ತೆಲುಗು ಪಂಡಿತರು ಕೂಡಿ ಮಕ್ಕಳಿಗೆ ಅರ್ಥಮಾಡಿಸಿ, ಅವರ ಅಭಿಪ್ರಾಯವನ್ನು ಕಳುಹಿಸಲಿ.

ಇವೆಲ್ಲ ಆಗುವ ಮಾತೇ, ಮೊದಲು ಮಕ್ಕಳಿಗೆ ನೌಕರಿ ಸಿಗಲಿ ಎನ್ನುವವರಿದ್ದಾರೆ. ನೌಕರಿ ಬೇಕು, ನಿಜ. ಆದರೆ ಒಂದು ಕರಡನ್ನು ಓದಿ, ಅದರಲ್ಲಿ ತನ್ನ ಜನಕ್ಕೆ ಲಾಭವೆಲ್ಲಿ ನಷ್ಟವೆಲ್ಲಿ ಎಂದು ಕಂಡುಹಿಡಿದು, ಗಡುವಿನೊಳಗೆ ಸ್ಪಷ್ಟವಾಗಿ ನಾಲ್ಕು ವಾಕ್ಯ ಬರೆಯಬಲ್ಲ ಹುಡುಗಿಗೆ ನೌಕರಿಯೂ ದೂರವಿಲ್ಲ, ಊರಿನ ಹಿತವೂ ದೂರವಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಇಂದಿನ ಮಕ್ಕಳು ಹುಟ್ಟಿರಲಿಲ್ಲ. ಅವರನ್ನು ಕೇಳುವವರೂ ಇರಲಿಲ್ಲ. ಅಂತರ್ಜಾಲದ ಹೆಸರುಗಳ ಗಡಿಯನ್ನು ಇನ್ನೂ ಎಳೆಯುತ್ತಿದ್ದಾರೆ, ಮತ್ತು ಈ ಸಲ ಅಭಿಪ್ರಾಯ ಕೇಳುತ್ತಿದ್ದಾರೆ. ಉತ್ತರ ಬರೆಯುವ ಕೈಗಳಲ್ಲಿ ನಮ್ಮ ಶಾಲೆಯ ಕೈಗಳೂ ಇರಲಿ.