ಎಲ್ಲಾ ಒಂದೇ ಪೂಲಿಗೆ ಸುರಿದರೆ ಹೇಗೆ ಸ್ವಾಮಿ?

"ಎಎಸ್/400 ಬೀಳೋದೇ ಇಲ್ಲ ಕಣಯ್ಯ" ಅಂತ ಹೇಳಿಕೊಂಡು ತಿರುಗುವ ಹಿರಿಯರಿಗೆ ಈ ಬರಹ. 1988ರಲ್ಲಿ ಬಂದ ಪೆಟ್ಟಿಗೆ. ಈಗ ಅದರ ಸಂತತಿ 'ಐಬಿಎಂ ಐ' ಹೆಸರಲ್ಲಿ ಪವರ್ ಸರ್ವರುಗಳ ಮೇಲೆ ಓಡುತ್ತಿದೆ. ಗಟ್ಟಿಮುಟ್ಟು, ಒಪ್ಪಿದೆ. ಆದರೆ ಆಪರೇಟಿಂಗ್ ಸಿಸ್ಟಂ ಇರುವ ಸಿಸ್ಟಂ ಪೂಲಿಗೇ ಕಂಪನಿಯ ಸಮಸ್ತ ಡೇಟಾ ಸುರಿದರೆ ಯಾವ ಯಂತ್ರ ತಾನೇ ಕಾಪಾಡೀತು?

ಸಾತನೂರಿನ ಮನೆಯಿಂದ ನಾನು ನೋಡಿಕೊಳ್ಳುತ್ತಿದ್ದ ಒಂದು ಯಂತ್ರದಲ್ಲಿ ಹೀಗೇ ಆಯಿತು. ಗೋದಾಮಿನ ಫೈಲುಗಳ ಜರ್ನಲ್ ರಿಸೀವರುಗಳನ್ನು ತಿಂಗಳುಗಟ್ಟಲೆ ಯಾರೂ ಅಳಿಸಿರಲಿಲ್ಲ. ಪೂಲು 90% ದಾಟಿದಾಗ ಆಪರೇಟರ್ ಕ್ಯೂಗೆ ಎಚ್ಚರಿಕೆ ಬಂತು, ನೋಡೋರಿಲ್ಲ. ಕೊನೆಗೆ ತುಂಬಿತು, ಇಡೀ ಸಿಸ್ಟಂ ಮಲಗಿತು. ತುಂಬಿಸಿದ್ದು ಗೋದಾಮಿನವರು, ಸಂಬಳ ತಡವಾಗಿದ್ದು ಎಲ್ಲರಿಗೂ!

ಇದಕ್ಕೆ ಮದ್ದು ಯಾವತ್ತೋ ಬಂದಿದೆ. 2001ರ ವಿ5ಆರ್1ರಲ್ಲಿ ಇಂಡಿಪೆಂಡೆಂಟ್ ಡಿಸ್ಕ್ ಪೂಲ್ ಬಂತು, ಆಗ ಬರೀ ಫೈಲ್ ಸಿಸ್ಟಂಗೆ. ಮರುವರ್ಷ ವಿ5ಆರ್2ರಲ್ಲಿ ಲೈಬ್ರರಿ, ಡೇಟಾಬೇಸ್ ಕೂಡ ಇಡಬಹುದಾಯಿತು. 33ರಿಂದ 255ರವರೆಗೆ ನಂಬರು. ಸಿಸ್ಟಂ ಓಡುತ್ತಿರುವಾಗಲೇ ಆ ಪೂಲೊಂದನ್ನು ವೇರಿ ಆಫ್ ಮಾಡಬಹುದು, ಕ್ಲಸ್ಟರ್ ಇದ್ದರೆ ಇನ್ನೊಂದು ಯಂತ್ರಕ್ಕೆ ದಾಟಿಸಬಹುದು. ಮುಖ್ಯವಾಗಿ, ಅದು ತುಂಬಿದರೆ ಸಿಸ್ಟಂ ಪೂಲಿಗೆ ಉಕ್ಕಿ ಹರಿಯೋದಿಲ್ಲ. ಹಳೇ ಯೂಸರ್ ಪೂಲುಗಳು (2ರಿಂದ 32) ಉಕ್ಕುತ್ತವೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ನಮ್ಮ ಕಡೆ ರೇಷ್ಮೆ ಸಾಕುವವರು ಚಾಕಿ ಹುಳುವನ್ನೂ ದೊಡ್ಡ ಹುಳುವನ್ನೂ ಬೇರೆ ಬೇರೆ ಇಡುತ್ತಾರೆ. ಸುಣ್ಣಕಟ್ಟು ರೋಗ ಬಂದರೆ ಎಲ್ಲಾ ಹೋಗಬಾರದು ಅನ್ನೋ ಬುದ್ಧಿ ಅವರಿಗಿದೆ, ಬಿಇ ಮಾಡಿದವರಿಗಿಲ್ಲ.

"ಪ್ರೋಗ್ರಾಂ ಎಲ್ಲಾ ಬದಲಾಯಿಸಬೇಕಲ್ಲ?" ಅರ್ಧ ಸತ್ಯ. ಯೂಸರ್ ಪ್ರೊಫೈಲುಗಳು ಸಿಸ್ಟಂ ಪೂಲಿನಲ್ಲೇ ಇರಬೇಕು. ಒಂದು ಜಾಬ್ ಒಮ್ಮೆಗೆ ಒಂದೇ ಪೂಲ್ ಗುಂಪಿಗೆ ಸೇರುತ್ತೆ, ಹಾಗಾಗಿ ಎರಡು ಗುಂಪಿನ ಫೈಲು ಒಟ್ಟಿಗೆ ಓದೋ ಪ್ರೋಗ್ರಾಂ ಇದ್ದರೆ ಕಷ್ಟವೇ. ಆದರೆ ಲೈಬ್ರರಿ ಲಿಸ್ಟ್ ನಂಬಿ ಬರೆದ ಪ್ರೋಗ್ರಾಂಗಳಿಗೆ ಬಹಳಷ್ಟು ಸಲ ಜಾಬ್ ಡಿಸ್ಕ್ರಿಪ್ಷನ್ನಿನಲ್ಲಿ ಪೂಲಿನ ಹೆಸರು ಕೊಟ್ಟರೆ ಸಾಕು.

ಮಾರಾಟದವರು ಇದನ್ನೇ ಬ್ಯಾಕಪ್ ಅಂತ ತಲೆಗೆ ಕಟ್ಟಲು ಬಂದರೆ ಮಾತ್ರ ಓಡಿಸಿ. ತಪ್ಪಿ ಅಳಿಸಿದ ಫೈಲು ಇನ್ನೊಂದು ಯಂತ್ರಕ್ಕೆ ದಾಟಿಸಿದರೂ ಅಳಿಸಿಯೇ ಇರುತ್ತೆ. ರೇಯ್ಡೂ ಇಲ್ಲದೆ ಮಿರರಿಂಗೂ ಇಲ್ಲದೆ ಪೂಲು ಕಟ್ಟಿದರೆ ಒಂದು ಡಿಸ್ಕ್ ಹೋದಾಗ ಆ ಪೂಲು ಪೂರ್ತಿ ಹೋಯಿತು.

ಹೊಸ ಡಿಸ್ಕಿಗೆ ದುಡ್ಡಿಲ್ಲ ಅನ್ನೋರು ಮೊದಲು ತಮ್ಮ ಯಂತ್ರದಲ್ಲಿ ಹತ್ತು ವರ್ಷದ ಹಳೇ ಸ್ಪೂಲ್ ಫೈಲುಗಳು ಎಷ್ಟಿವೆ ಅಂತ ಎಣಿಸಿ ಬನ್ನಿ. ಆಮೇಲೆ ಜಗಳ ಆಡೋಣ.